ವಸ್ತ್ರ ಒಣಗೂತನಕ

ನಮ್ಮ ಮನಿಯೊಳಗ ಊಟಕ್ಕ ಕೂಡೂಕಿಂತ ಮೊದಲ ನಮ್ಮಪ್ಪ ಪರೀಕ್ಷಾ ಕೊಡಬೇಕಾಗಿತ್ತು. ಸಾಲಿ ಪರೀಕ್ಷಾ ಅಲ್ಲ. ನಾ ಸಾಲಿಗಿ ಹೋಗಿದ್ದ ಕಡಿಮಿ, ಅಪ್ಪ ಅದರ ಬಾಗಲಾನೂ ಕಂಡಾಂವಲ್ಲ. ಬಾವಿಯೊಳಗ ಮುಳುಗಿ ಬಂದ ದಿನಾ ಅವ್ವ ಅವನ್ನ ಹೊಸ್ತಿಲದ ಆಚೆ ನಿಲ್ಲಸತಿದ್ದಳು. ಒಳಗ ಪಡಸಾಲಿ ಮ್ಯಾಲ ಗಂಗಾಳದಾಗ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ ಬಡಿಸಿ ಇಟ್ಟಿರತಿತ್ತು. ಅದು ಅಪ್ಪನ ಕಣ್ಣಿಗಿ ಕಾಣತಿತ್ತು, ಮೂಗಿಗಿ ಬಡೀತಿತ್ತು, ಆದ್ರ ಕಾಲು ಎತ್ತಿ ಒಳಗ ಇಡೂಹಂಗಿದ್ದಿಲ್ಲ. ಅವ್ವ ಮೊರದಾಗ ಒಂದು ಹಿಡಿ ಜ್ವಾಳಾ ಹಾಕಿ ಅವನ ಮುಂದ ಹಿಡೀತಿದ್ದಳು. ಅಪ್ಪ ಬಲಗೈ ಎರಡು ಬೆರಳಿಲೆ ಒಂದೊಂದ ಕಾಳು ಎತ್ತಿ ಆಕಿ ಅಂಗೈಯಾಗ ಹಾಕಬೇಕು. ಆಮ್ಯಾಲ ನಮ್ಮೆಲ್ಲಾರ ಹೆಸರು ದೊಡ್ಡವರಿಂದ ಸಣ್ಣವರ ತನಕ ಹೇಳಬೇಕು. ಮಲ್ಲಪ್ಪ, ಗಂಗವ್ವ, ಶಾಂತವ್ವ, ಬಸು. ಗಂಗವ್ವ ಅಂದ್ರ ನಾನು.

"ಹೇಳ್ರಿ."

"ಪಲ್ಯ ಆರಾಕತ್ತೈತಲ್ಲೇ."

"ಆರ್ಲಿ. ನೀವು ಹೇಳ್ರಿ."

ಅಪ್ಪಗ ಒಂದು ಖೋಡಿ ಇತ್ತು. ಹೆಸರು ಹೇಳೂವಾಗ ನಡುವ ಬೇಕಂತ ತಪ್ಪತಿದ್ದ. "ಮಲ್ಲಪ್ಪ, ಬೆಳ್ಳಿ, ಶಾಂತವ್ವ, ಬಸು" ಅಂತಿದ್ದ. ಬೆಳ್ಳಿ ಅಂದ್ರ ನಮ್ಮ ಎಮ್ಮಿ. ರೊಟ್ಟಿ ಹಂಚಿನಗತೆ ಕರ್ರಗಿದ್ದ ಎಮ್ಮಿಗಿ ಆ ಹೆಸರು ಇಟ್ಟಾವನೂ ಅವನ. ನನ್ನ ಹೆಸರಿನ ಜಾಗಾದಾಗ ಎಮ್ಮಿ ಬಂತಂದ್ರ ನಾ ಸಿಟ್ಟಿಗೆದ್ದು ಕಾಲು ಅಪ್ಪಳಸತಿದ್ದೆ, ಉಳದವರು ಹೊಟ್ಟಿ ಹಿಡಕೊಂಡು ನಗತಿದ್ರು. ಅವ್ವ ನಗತಿದ್ದಿಲ್ಲ. ಆಕಿ ಅಪ್ಪನ ಮೀಸಿ ನೋಡತಿದ್ದಳು. ಚ್ಯಾಷ್ಟಿ ಮಾಡೂವಾಗ ಅವನ ಎಡಗಡೆ ಮೀಸಿ ತುದಿ ತಾನ ಕುಣೀತಿತ್ತು, ಎಷ್ಟ ಬಿಗಿ ಹಿಡದ್ರೂ ನಿಲ್ಲತಿದ್ದಿಲ್ಲ. ಮೀಸಿ ಕುಣದದ್ದು ಕಂಡಮ್ಯಾಲ ಆಕಿ ಮೊರ ಇಳಿಸಿ, "ಬರ್ರಿ ಒಳಗ, ಭಾಳ ಶಾಣ್ಯಾ ಆಗೀರಿ" ಅಂತಿದ್ದಳು. ಓಣಿ ಹೆಂಗಸರು ಬಾಗಲದಾಗ ನಿಂತು, "ನೋಡ್ರೆವಾ, ಕೋಳಿಗಿ ಕಾಳು ತೋರಿಸಿದಂಗ ಗಂಡಗ ಕಾಳು ತೋರಿಸಿ ಒಳಗ ಕರಕೊಳ್ಳತಾಳ" ಅಂತ ಆಡಕೊಳ್ಳತಿದ್ರು. ಅವ್ವ ಕಿವಿಗಿ ಹಾಕ್ಕೊಳ್ಳತಿದ್ದಿಲ್ಲ. ಆ ಮೊರ ಯಾಕ ಬಂತು ಅನ್ನೂದು ತಿಳೀಬೇಕಂದ್ರ ನಮ್ಮ ಮನಿ ಕಸಬು ಮೊದಲ ತಿಳೀಬೇಕು.

ನಮ್ಮದು ಇಂಡಿ ತಾಲೂಕಿನ ಹೊರ್ತಿ. ಲಿಂಬಿ ತೋಟದ ಸೀಮಿ. ಲಿಂಬಿ ಇದ್ದಲ್ಲೆ ಬಾವಿ ಇರಬೇಕು, ಬಾವಿ ಇದ್ದಲ್ಲೆ ಏನರೆ ಒಂದು ಬೀಳಾಕ ಬೇಕು. ಹೆಂಗಸರ ಕೊಡಾ ಬೀಳತಿತ್ತು, ಬಂಗಾರ ಬೀಳತಿತ್ತು, ರಾಟಿ ಮುರದು ಹಗ್ಗದ ಸಮೇತ ಒಳಗ ಹೋಗತಿತ್ತು. ಇಂಜಿನ್ ಬಂದಮ್ಯಾಲ ಇನ್ನೊಂದು ಕೆಲಸ ಹುಟ್ಟಿತು: ನೀರು ಎಳಿಯೂ ಪೈಪಿನ ಬುಡದಾಗಿನ ಫುಟ್‌ವಾಲ್‌ಗಿ ಕಸಾ ಸಿಕ್ಕು ನೀರು ನಿಲ್ಲತಿತ್ತು, ಯಾರರೆ ತಳಕ್ಕ ಹೋಗಿ ಅದನ್ನ ಬಿಡಸಬೇಕಾಗತಿತ್ತು. ಕೊಡಾ ಬಿದ್ರ ಹಗ್ಗಕ್ಕ ಪಾತಾಳಗರಡಿ ಕಟ್ಟಿ ಬಿಟ್ಟು, ಅದರ ಕೊಕ್ಕಿಗಿ ಸಿಗಿಸಿ ಎಳಕೊಳ್ಳಬಹುದು. ಫುಟ್‌ವಾಲ್‌ಗಿ, ಬಂಗಾರಕ್ಕ ಮನಷ್ಯಾನ ಕೈನ ಬೇಕು. ಆ ಕೈ ನಮ್ಮಪ್ಪಂದು. ಬಾವಿ ಸಿದ್ರಾಮ ಅಂದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಕೂ ಕಡೆ ಗೊತ್ತಿತ್ತು. ಬಂಡಿ ಹೂಡಿಕೊಂಡು, ಸೈಕಲ್ ತುಳಕೊಂಡು ಕರಿಯಾಕ ಬರತಿದ್ರು. ಅಪ್ಪ ಬಾವಿ ದಂಡಿ ಮ್ಯಾಲ ನಿಂತು ಕಂಬಾರನ ತಿದಿಯಂಗ ಬುಸು ಬುಸು ಗಾಳಿ ಎಳದು ಬಿಟ್ಟು, ದಮ್ಮು ತುಂಬಿಕೊಂಡು, ಒಂದು ದೊಡ್ಡ ಕಲ್ಲು ತಬ್ಬಿಕೊಂಡು ತಳಕ್ಕ ಹೋಗತಿದ್ದ. ಮ್ಯಾಲ ಅವನ ಸೊಂಟದ ಹಗ್ಗ ಹಿಡಿಯಾಂವ ಇಮಾಮಸಾಬ ಕಾಕಾ. ನಮ್ಮ ಮಗ್ಗಲ ಮನಿಯಾಂವ. ಅವನ ಅಪ್ಪ ನಮ್ಮ ಮುತ್ಯಾನ ಹಗ್ಗ ಹಿಡದಾಂವ. ನೀರಿನ ಮ್ಯಾಲಿನ ಗುಳ್ಳಿ ನಿಂತು ಬಾವಿ ಕನ್ನಡಿಯಾದಾಗ ನಿಂತ ಮಂದಿ ತಮ್ಮ ದಮ್ಮು ತಾವ ಹಿಡೀತಿದ್ರು, ಒಬ್ಬೊಬ್ಬರ ಸೋತು ಉಸುರು ಬಿಡತಿದ್ರು, ಅಪ್ಪ ಇನ್ನೂ ತಳದಾಗ ಇರತಿದ್ದ. ಅದನ್ನ ನೋಡಿದಾಕಿಗಿ ಬ್ಯಾರೆ ಯಾವ ಗಂಡಸಿನ ದೊಡ್ಡಸ್ತಿಕಿನೂ ದೊಡ್ಡದನಸೂದಿಲ್ಲ. ಈಗೂ ನನಗ ಹಂಗನ.

ಈ ಕಸಬು ಕಲಿಸಿದಾಂವ ಮುತ್ಯಾ, ಅಪ್ಪನ ಅಪ್ಪ. ಅವನ ಒಂದು ಕಟ್ಟಳಿ ಇತ್ತು. ಮುಳುಗಿದಾಂವ ಬರಗೈಲೆ ಮ್ಯಾಲ ಬಂದ್ರ, ಮೈ ಆರೂದರೊಳಗ ಮತ್ತ ಮುಳುಗಬೇಕು. ಹಸಿ ಮೈ ಬಾವಿಗಿ ಗುರ್ತ ಇರತೈತಿ, ಆರಿದ ಮೈನ ಯಾರೋ ಹೊಸಬಂದಂತ ತಿಳದು ಬಾವಿ ಸಿಟ್ಟಾಗತೈತಿ ಅಂತಿದ್ದ. ಅದಕ್ಕ ಅವರು ಸಿಗೂತನಕ ಒಂದರ ಹಿಂದೊಂದು ಮುಳುಗು ಹೊಡೀತಿದ್ರು, ಮೈಮ್ಯಾಲಿನ ನೀರು ಒರಸಾಕ ಬಿಡತಿದ್ದಿಲ್ಲ. ಸೊಂಟಕ್ಕ ಒಂದು ಕೆಂಪು ಅಂಚಿನ ವಸ್ತ್ರ ಬಿಗೀತಿದ್ರು. ಅದು ಸೊಂಟದ ಮ್ಯಾಲ ಇಲ್ಲದ ನೀರಿಗಿ ಇಳಿಯೂಹಂಗಿಲ್ಲ, ಅದೂ ಕಟ್ಟಳಿನ. ಮುತ್ಯಾ ಹಂಗ ಬಾಳೇವು ಮಾಡಿ ಹೆಸರು ಗಳಿಸಿದ. ನಾ ಕಣ್ಣು ಬಿಟ್ಟಾಗ ಅವ ಪಡಸಾಲಿ ಮೂಲ್ಯಾಗ, ಬೆಳಕಿಂಡಿ ಬುಡಕ, ಕಂಬಳಿ ಮ್ಯಾಲ ಕುಂತಾಂವ ಕುಂತ ಇರತಿದ್ದ. ಬಲಗೈ ಹಗಲೆಲ್ಲಾ ನಡುಗತಿತ್ತು. ರೊಟ್ಟಿ ತುತ್ತು ಬಾಯಿತನಕ ಬರೂದರೊಳಗ ಪಲ್ಯ ಮಡಲಾಗ ಬೀಳತಿತ್ತು. ಮಾತು ನಾಲಿಗಿಗಿ ಅಂಟಿಕೊಂಡು ಬರತಿತ್ತು. ನಮ್ಮ ಯಾರ ಹೆಸರೂ ಅವಗ ಗೊತ್ತಿದ್ದಿಲ್ಲ. ಒಂದ ಮಾತು ಕೇಳತಿದ್ದ, ಮುಂಜಾನಿಂದ ಸಂಜಿತನಕ.

"ಹಗ್ಗ ಹಿಡದಾವರು ಯಾರು?"

ಯಾರರೆ "ಹಿಡದಾರ ಮುತ್ಯಾ" ಅನಬೇಕು. ಅಂದ್ರ ಸುಮ್ಮನಾಗತಿದ್ದ. ಅನಲಿಲ್ಲ ಅಂದ್ರ ಎದ್ದು ಗೋಡಿ ಹಿಡಕೊಂಡು ಬಾಗಲಾ ಹುಡಕತಿದ್ದ. ಅವಗ ಬಾವಿ ಹಿಡದೈತಿ ಅಂತ ಮಂದಿ ಅಂತಿದ್ರು. ಅಮಾಸಿಗೊಮ್ಮಿ ನಮ್ಮ ಮನಿಯಿಂದ ಬಾವಿಗಿ ಕಾಯಿ, ಉಡಿ ಹೋಗತಿದ್ದುವು. ಮುತ್ಯಾಗ ವಯಸ್ಸಾಗೈತಿ ಅಂತ ಅಪ್ಪ ಅಂತಿದ್ದ. ನಾವೂ ಹಂಗ ತಿಳದಿದ್ದಿವಿ. ಮಕ್ಕಳಿಗಿ ಹಲ್ಲಿಲ್ಲದಾವರೆಲ್ಲಾ ಮುದುಕರ.

ನಮ್ಮವ್ವ ಬಾಗೇವಾಡಿ ತಾಲೂಕಿನ ಮಸೂತಿಯಾಕಿ. ಒಕ್ಕಲತನದ ಮನಿ. ಬಾವಿ ಕಸಬು ಆಕಿಗಿ ಹೊಸಾದು, ಅದಕ್ಕ ನಮಗ ಕಾಣದ್ದು ಆಕಿಗಿ ಕಂಡಿತು ಅಂತ ಅನಸತೈತಿ. ಆಕಿ ತವರಮನ್ಯಾಗ ಮುತ್ಯಾನ ವಯಸ್ಸಿನ ವಾರಿಗಿಯವರು ಇನ್ನೂ ಹೊಲದಾಗ ಕುಂಟಿ ಹೊಡೀತಿದ್ರು, ಸಂತ್ಯಾಗ ಎತ್ತಿನ ಹಲ್ಲು ಹಿಡದು ನೋಡಿ ಜಗಳಾಡತಿದ್ರು. ಹಂಗಿದ್ರ ಇವಗ ಮಾತ್ರ ಯಾಕ ಹಿಂಗ? ಇದನ್ನ ಆಕಿ ಅಪ್ಪಗ ಕೇಳಿದ್ರ, "ನಿಮ್ಮ ಮಸೂತಿ ನೀರ ಬ್ಯಾರೆ" ಅಂತ ಅಂದು ಎದ್ದು ಹೋಗತಿದ್ದ. ಗಂಡಸರಿಗಿ ಉತ್ತರ ಗೊತ್ತಿರಲಿಲ್ಲ ಅಂದ್ರ ಎಮ್ಮಿಗಿ ನೀರು ಕುಡಸೂ ಕೆಲಸ ನೆಪ್ಪಾಗತೈತಿ.

ಒಂದು ದಿನಾ ಅಪ್ಪ ಲಿಂಬಿ ತೋಟದ ಬಾವ್ಯಾಗ ಮುಂಜಾನಿಂದ ಮಧ್ಯಾಹ್ನದತನಕ ಮುಳುಗಿ ಫುಟ್‌ವಾಲ್ ಬಿಡಿಸಿ ಬಂದ. ಬಂದಾಂವನ ಎಮ್ಮಿ ಗ್ವಾದಲಿ ಮುಂದ ನಿಂತು, ನನ್ನ ಕಡೆ ನೋಡಿ, "ಬೆಳ್ಳಿ, ಚಹಾ ತಗೊಂಡು ಬಾ" ಅಂದ. ಆವಾಗ ಇನ್ನೂ ಮೊರದ ಪದ್ಧತಿ ಇದ್ದಿಲ್ಲ, ಆದ್ರ ನನಗ ಎಮ್ಮಿ ಅನ್ನೂ ಚ್ಯಾಷ್ಟಿ ಹಳೇದು. ನಾವೆಲ್ಲಾ ನಕ್ಕಿವಿ. ಮಲ್ಲಪ್ಪ ಎಮ್ಮಿಗಿ, "ಏ ಬೆಳ್ಳಿ, ಅಪ್ಪಗ ಚಹಾ ಬೇಕಂತ" ಅಂದ. ಮತ್ತ ನಕ್ಕಿವಿ. ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಿ ಹೊರಗ ಬಂದಳು. ಚಹಾದ ಬಟ್ಟಲಾ ಅವನ ಬಲಗೈಗಿ ಕೊಟ್ಟಳು. ಬಟ್ಟಲಾ ಬಿತ್ತು. ಕೈ ಹಿಡಿಯೂಹಂಗ ಮುಚ್ಚಿತ್ತು, ಆದ್ರ ಒಳಗ ಬಲಾ ಇದ್ದಿಲ್ಲ.

"ನಗಬ್ಯಾಡ್ರಿ," ಅಂದಳು ಅವ್ವ. "ಅವರ ಮೀಸಿ ಕುಣದಿಲ್ಲ."

ನಾವು ನೋಡಿದಿವಿ. ಮೀಸಿ ಸುಮ್ಮನ ಇತ್ತು. ಅಪ್ಪ ನನ್ನ ಮಾರಿ ನೋಡಾಕತ್ತಿದ್ದ, ಹೆಸರು ಎಲ್ಲೋ ಇಟ್ಟು ಮರತಾವರಗತೆ. ಮೂಲ್ಯಾಗ ಮುತ್ಯಾ "ಹಗ್ಗ ಹಿಡದಾವರು ಯಾರು?" ಅಂತ ಕೇಳಿದ. ಅವ್ವ ತಿರಗಿ ಅವನ ಕೈ ನೋಡಿದಳು, ಮತ್ತ ಅಪ್ಪನ ಕೈ ನೋಡಿದಳು. ಸಂಜಿಕ ಅಪ್ಪನ ಕೈ ಸರಿಯಾತು, ನನ್ನ ಹೆಸರೂ ಬಂತು. ನೀರು ಥಂಡಿ ಇತ್ತು, ಕೈ ಜೋಮು ಹಿಡದಿತ್ತು ಅಂದ. ಮರುದಿನದಿಂದ ಮೊರ ಬಂತು.

ಮೊರದ ಸಂಗಾಟ ಇನ್ನೊಂದು ಬಂತು. ಮುತ್ಯಾನ ಕಟ್ಟಳಿ ಮೈ ಆರೂದರೊಳಗ ಮುಳುಗು ಅಂತಿತ್ತಲ್ಲ, ಅವ್ವ ಅದನ್ನ ತಲಿಕೆಳಗ ಮಾಡಿದಳು. ಅಪ್ಪ ಮ್ಯಾಲ ಬಂದ ಕೂಡಲೇ ಸೊಂಟದ ವಸ್ತ್ರ ಬಿಚ್ಚಿ ಕೊಡಬೇಕು. ಆಕಿ ಅದನ್ನ ಹಿಂಡಿ ಬಾವಿ ದಂಡಿಯ ಕಲ್ಲಿನ ಮ್ಯಾಲ ಹರವತಿದ್ದಳು. ಅದು ಒಣಗೂತನಕ ಅಂವ ನೀರು ಮುಟ್ಟೂಹಂಗಿಲ್ಲ. ನಮ್ಮ ಸೀಮಿ ಬಿಸಲಾಗ ವಸ್ತ್ರ ಒಣಗಾಕ ಭಾಳ ಹೊತ್ತೇನ ಬೇಕಾಗಿಲ್ಲ, ಆದ್ರ ಬಾವಿ ದಂಡಿ ಮ್ಯಾಲ ಕಾಯಾವರಿಗಿ ಅದು ಒಂದು ಸುಗ್ಗಿಯಷ್ಟು ಉದ್ದ. ಮೋಡಾ ಮುಚ್ಚಿದ ದಿನಾ ಒಣಗೂದ ಇಲ್ಲ. ಅವತ್ತು ಒಂದ ಮುಳುಗು, ಸಿಗಲಿಲ್ಲ ಅಂದ್ರ ಮನಿ ಹಾದಿ. ಈ ಸಲುವಾಗಿ ನಮ್ಮ ಮನ್ಯಾಗ ಆದ ಜಗಳ ಹೇಳಾಕ ಕುಂತ್ರ ಒಂದು ಬ್ಯಾಸಗಿ ಸಾಲೂದಿಲ್ಲ.

"ನಮ್ಮಪ್ಪನ ಕಟ್ಟಳಿ ಮುರೀತಿಯೇನ?"

"ನಿಮ್ಮಪ್ಪ ಕುಂತಾನಲ್ಲ ಮೂಲ್ಯಾಗ. ಕಟ್ಟಳಿ ಹೆಂಗೈತಿ ಅಂತ ಅವಗ ಕೇಳ್ರಿ."

"ಮಂದಿ ನಗತಾರ."

"ನಕ್ಕಾವರು ನಾಳಿ ನಿಮಗ ಉಣಸಾಕ ಬರೂದಿಲ್ಲ. ನಾ ಉಣಸಬೇಕು. ಒಬ್ಬರಿಗಿ ಉಣಸಾಕತ್ತೇನಿ, ಇಬ್ಬರಿಗಿ ಆಗೂದಿಲ್ಲ."

ಇಮಾಮಸಾಬ ಕಾಕಾ ಕಟ್ಟಿ ಮ್ಯಾಲ ಕುಂತು ಬೀಡಿ ಸೇದಕೋತ, "ಸಿದ್ರಾಮಣ್ಣಾ, ವೈನಿ ಮಾತು ಕೇಳು. ಎರಡು ಮುಳುಗಿನ ನಡುವ ನನಗೂ ಒಂದು ಬೀಡಿ ಸೇದೂ ಹೊತ್ತು ಸಿಗಬೇಕಲ್ಲಪಾ" ಅಂದ. ಆ ಮಾತಿಗಿ ಅಪ್ಪ ನಕ್ಕ, ಅಲ್ಲಿಗಿ ವಸ್ತ್ರ ಗೆದ್ದಿತು. ಕಟ್ಟಳಿ ಮುರಿಯಾಕ ಎಷ್ಟೋ ಸಲ ಒಂದು ಬೀಡಿ ಸಾಕಾಗತೈತಿ.

ಬಸು ಹುಟ್ಟಿದಮ್ಯಾಲ ಅವ್ವಗ ಕೂಸಿನ ಕೆಲಸ ಹೆಚ್ಚಾಗಿ ಬಾವಿಗಿ ಹೋಗೂದು ನಿಂತಿತು. ಮಲ್ಲಪ್ಪ ಸಾಲ್ಯಾಗ ಇದ್ದ. ವಸ್ತ್ರ ನನ್ನ ಪಾಲಿಗಿ ಬಂತು. ನಾ ಆಗ ಪರಕಾರ ಉಡೂ ಹುಡುಗಿ. ಅವ್ವ ನನ್ನ ಜಡಿ ಬಿಗಿಯಾಗಿ ಹೆಣಕೋತ, "ನೋಡು, ಕೈಯಿಂದ ಮುಟ್ಟಿ ನೋಡಬ್ಯಾಡ, ಮೋಸ ಆಗತೈತಿ. ಗಲ್ಲಕ್ಕ ಹಚ್ಚಿ ನೋಡು. ಥಂಡಿ ಹತ್ತಿತು ಅಂದ್ರ ಒಣಗಿಲ್ಲ. ಎಂಥಾವ ಬಂದು ಬೈದ್ರೂ ಕೊಡಬ್ಯಾಡ" ಅಂದಳು. ನಾ ಕಲತ ವಿದ್ಯಾ ಅಂದ್ರ ಇದು ಒಂದ. ಅದರ ಮ್ಯಾಲ ಇಷ್ಟು ವರ್ಷ ಬದಕೇನಿ.

ಸಿಂದಗಿ ಕಡೆಯ ಒಬ್ಬ ಸಾವಕಾರನ ಮನ್ಯಾಗ ಮಗಳ ಮದುವಿ. ಹಿಂದಿನ ದಿನಾ ನೀರು ಸೇದೂವಾಗ ಮದುಮಗಳ ಕೊಳ್ಳಾಗಿನ ಬಂಗಾರದ ಬೋರಮಾಳ ಹಗ್ಗಕ್ಕ ಸಿಕ್ಕು ಹರದು ಬಾವ್ಯಾಗ ಬಿತ್ತು. ಬಂಡಿ ಕಳಿಸಿ ನಮ್ಮನ್ನ ಕರಸಿದ್ರು. ಬಾವಿ ಭಾಳ ಆಳ, ತಳದಾಗ ಹೂಳು. ಅಪ್ಪ ಮುಳುಗಿದ. ಹೊತ್ತು ಹೋತು. ಬಂದಾಗ ಕೈಯಾಗ ಬರೇ ಹೂಳು. ನಾ ವಸ್ತ್ರ ತಗೊಂಡು ಹಿಂಡಿ ಕಲ್ಲಿನ ಮ್ಯಾಲ ಹಾಕಿದೆ. ಒಣಗಿತು. ಮತ್ತ ಮುಳುಗಿದ. ಮತ್ತ ಹೂಳು. ಬಂದಾಂವ ಮೆಟ್ಟಲಾ ಹತ್ತೂವಾಗ ಗೋಡಿ ಹಿಡಕೊಂಡ. ಅದು ನನ್ನ ಕಣ್ಣಿಗಿ ಬಿತ್ತು, ಬ್ಯಾರೆ ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲಾರೂ ಅವನ ಮುಷ್ಟಿ ನೋಡಾಕತ್ತಿದ್ರು. ನಾ ಮತ್ತ ವಸ್ತ್ರ ಹರವಿದೆ. ಸಾವಕಾರ ಹಂದರದ ಕಡೆಯಿಂದ ಬಂದ. ಅರಿಷಿಣ ಹಚ್ಚೂ ಹೊತ್ತಾಗಿತ್ತು, ಬೀಗರು ಬಂದಿದ್ರು.

"ಏನಪಾ ಸಿದ್ರಾಮ, ಬಿಸಲು ಕಾಸಾಕ ಬಂದಿಯೇನ? ಇಳಿ ಇಳಿ."

"ವಸ್ತ್ರ ಒಣಗಬೇಕ್ರಿ ಸಾವಕಾರ್ರ," ಅಂದೆ ನಾ.

"ಇದ್ಯಾವಕಿ?"

"ನನ್ನ ಮಗಳ್ರಿ," ಅಂದ ಅಪ್ಪ. ಆಮ್ಯಾಲ ಅವಗೂ ನಾಚಿಕಿ ಆತು ಅಂತ ಕಾಣಸತೈತಿ. ಬೀಗರು, ಆಳುಮಕ್ಕಳು, ಅರಿಷಿಣದ ಕೈ ಹೆಂಗಸರು ಎಲ್ಲಾರೂ ನಿಂತು ನೋಡಾಕತ್ತಿದ್ರು. ನಾಕ ತಾಲೂಕಿನ ಹೆಸರು ಒಂದು ಹಸಿ ವಸ್ತ್ರದ ಮ್ಯಾಲ ಒಣಗಾಕತ್ತಿತ್ತು. "ಕೊಡವಾ ಗಂಗವ್ವ. ಇದೊಂದು ಸಲ," ಅಂದು ಕೈ ಚಾಚಿದ.

ನಾ ವಸ್ತ್ರ ತಗೊಂಡು ಗಲ್ಲಕ್ಕ ಹಚ್ಚಿದೆ. ಥಂಡಿ ಇತ್ತು. ಅದನ್ನ ನನ್ನ ಸೊಂಟಕ್ಕ ಸುತ್ತಿ, ಹಿಂದಕ್ಕ ಎರಡು ಗಂಟು ಹಾಕಿ, ಕಲ್ಲಿನ ಮ್ಯಾಲ ಕುಂತೆ.

"ಯಾರ ಬಿಚ್ಚಿಕೊಳ್ಳತೀರಿ, ಬರ್ರಿ."

ಮಂದಿ ಹೋ ಅಂತ ನಕ್ಕರು. ಒಬ್ಬ ಮುದುಕಿ, "ಹುಡುಗಿ ಗಂಡುಬೀರಿ ಐತೆವಾ" ಅಂದಳು. ಸಾವಕಾರನ ಮಾರಿ ಕೆಂಪಾತು. ಅಪ್ಪಗ ಸಿಟ್ಟು ಬಂತು. ನನ್ನ ಮುಂದ ಬಂದು ನಿಂತು ಬೈಯಾಕ ಬಾಯಿ ತಗದ. "ಕೊ" ಅಂದ. ಮತ್ತ "ಕೊ" ಅಂದ. ಮುಂದಿನ ಮಾತು ಬರಲಿಲ್ಲ. ನಾಲಿಗಿ ಬಾಯ್ಯಾಗ ದಪ್ಪಾದಂಗ ಹೊರಳಿತು. ನನ್ನ ರಟ್ಟಿ ಹಿಡಿಯಾಕ ಬಂದ ಬಲಗೈ ಅರ್ಧಕ್ಕ ಜೋತು ಬಿತ್ತು. ಬಲಗಾಲು ಮಡಚಿತು. ಇಮಾಮಸಾಬ ಕಾಕಾ ಹಗ್ಗ ಒಗದು ಹಿಂದಿನಿಂದ ಅವನ್ನ ತಬ್ಬಿ ಹಿಡದ. ನಗಿ ನಿಂತಿತು. ಬಾವಿ ಕಡೆ ನೋಡಿದಾವರ ಮಾರ್ಯಾಗ ಒಂದ ಲೆಕ್ಕ ನಡದಿತ್ತು: ವಸ್ತ್ರ ಕೊಟ್ಟಿದ್ರ ಅಂವ ಈಗ ಎಲ್ಲಿರತಿದ್ದ ಅನ್ನೂದು. ಸಾವಕಾರನೂ ಅದನ್ನ ಮಾಡಿರಬೇಕು. ತನ್ನ ಪಟಕಾ ಬಿಚ್ಚಿ ಅಪ್ಪನ ತಲಿಬುಡಕ್ಕ ಇಟ್ಟ, ತಾನ ಬಂಡಿ ಹೂಡಸಿದ. ಮದುವಿ ಆತು. ತನ್ನ ಕಾಕಿಯ ಬೋರಮಾಳ ಎರವಲು ಹಾಕ್ಕೊಂಡು ಮದುಮಗಳು ಕುಂತಳು. ಮರುದಿನಾ ಎರಡು ಇಂಜಿನ್ ಹಚ್ಚಿ ಬಾವಿ ಖಾಲಿ ಮಾಡಿದ್ರು, ಹೂಳಿನಾಗ ಬೋರಮಾಳ ಸಿಕ್ಕಿತು. ಎರಡು ಇಂಜಿನ್ ಮಾಡೂ ಕೆಲಸಕ್ಕ ಅವತ್ತು ನಮ್ಮಪ್ಪನ ತಲಿ ಹೋಗಬೇಕಾಗಿತ್ತು.

ಬಿಜಾಪುರದ ದವಾಖಾನಿಗಿ ಕರಕೊಂಡು ಹೋದಿವಿ. ಅಲ್ಲಿಗಿ ಹೋಗೂದರೊಳಗ ಮಾತು ಅರ್ಧ ಬಂದಿತ್ತು, ಎರಡು ದಿನದಾಗ ಪೂರಾ ಬಂತು. ಡಾಕ್ಟರು ವಯಸ್ಸಾದಾವರು, ಸಮಾಧಾನದವರು. ಅವ್ವನ ಮೊರದ ಕತಿ ಕೇಳಿ ನಗಲಿಲ್ಲ. ಅಪ್ಪನ ಕಡೆಯಿಂದ ಕಣ್ಣು ಮುಚ್ಚಿಸಿ ಮೂಗು ಮುಟ್ಟಿಸಿದ್ರು, ಗೆರಿ ಮ್ಯಾಲ ನಡಸಿದ್ರು.

"ನೋಡವಾ," ಅಂದ್ರು ಅವ್ವಗ, "ದಮ್ಮು ಹಿಡದಾಗ ಮೊದಲ ಹಸಿಯೂದು ಮೆದುಳು. ಮ್ಯಾಲ ಬಂದು ಉಸುರಾಡಿದ್ರ ಅದು ಚೇತರಿಸಿಕೊಳ್ಳತದ. ಚೇತರಿಸಿಕೊಳ್ಳಾಕ ಬಿಡದ ಮತ್ತ ಮತ್ತ ಮುಳುಗಿದ್ರ ಒಳಗ ಸಣ್ಣ ಸಣ್ಣ ಗಾಯ ಆಗತಾವ. ಇನ್ನೊಂದು, ಆಳಕ್ಕ ಹೋಗಿ ಬಂದು ಹೋಗಿ ಬಂದು ಮಾಡಿದಾಗ ರಕ್ತದಾಗ ಗುಳ್ಳಿ ಏಳತಾವ, ಸೋಡಾ ಬಾಟ್ಲಿ ಮುಚ್ಚಳ ತಗದಂಗ. ಅವು ಮೆದುಳಿಗಿ ಹೋದ್ರ ಕೈ, ಕಾಲು, ಮಾತು ಹಿಂಗ ನಿಲ್ಲತಾವ. ಸಮುದ್ರದಾಗ ಮುಳುಗಾವರಿಗಿ ಇದು ಬರತದ. ಬಾವಿಯವರಿಗಿ ಬಂದದ್ದು ನಾ ಇವತ್ತ ಕಂಡೆ."

"ಅದಕ್ಕ ವಸ್ತ್ರ ಒಣಗೂತನಕ ಬಿಡತಿದ್ದಿಲ್ರಿ," ಅಂದಳು ಅವ್ವ. ಆಕಿ ದನಿಯಾಗ ಸ್ವಲ್ಪ ಗತ್ತು ಇತ್ತು.

"ಅದರಿಂದ ಇಲ್ಲಿತನಕ ಉಳದಾನ. ಆದ್ರ ಅದು ಸಾಲೂದಿಲ್ಲ. ಮುಳುಗೂ ಮೊದಲ ಬುಸು ಬುಸು ಉಸುರು ತಗೋತಾನಲ್ಲ, ಅದೂ ಖೊಟ್ಟಿ. ಉಸುರು ಬೇಕಂತ ದೇಹ ಕೂಗೂ ಕೂಗ ಕೇಳಸೂದಿಲ್ಲ, ನೀರಾಗ ಎಚ್ಚರ ತಪ್ಪತದ. ಈ ಸಲ ತಿರಗಿ ಬಂತು. ಮುಂದಿನ ಸಲ ತಿರಗಿ ಬರತದಂತ ನಾ ಬರದು ಕೊಡೂದಿಲ್ಲ. ಕಸಬು ಬಿಡಬೇಕು."

ಅವ್ವ ಬಸ್ಸಿನಾಗ ಕಿಡಕಿ ಕಡೆ ಮಾರಿ ಮಾಡಿ ಕುಂತಳು. ತನ್ನ ವಸ್ತ್ರ ಸಾಲಲಿಲ್ಲ ಅನ್ನೂದು ಆಕಿಗಿ ಸಿಟ್ಟು. ಅಪ್ಪಗೂ ಸಿಟ್ಟು. ಮನಿಗಿ ಬಂದು ಪಡಸಾಲ್ಯಾಗ ಕುಂತು ಅಂದ:

"ಬಾವಿ ಬಿಟ್ಟ ಮ್ಯಾಲ ನಾ ಯಾರು? ಎಮ್ಮಿ ಸಿದ್ರಾಮನೋ?"

"ನಿಮಗ ಬಾವಿನ ಬೇಕಂದ್ರ ಹೋಗ್ರಿ," ಅಂದಳು ಅವ್ವ. ಅಳಲಿಲ್ಲ, ಒದರಲಿಲ್ಲ. ಕೆಂಪು ಅಂಚಿನ ವಸ್ತ್ರ ತಂದು ಅವನ ಮಡಲಾಗ ಇಟ್ಟಳು. "ಆದ್ರ ಹೋಗೂಕಿಂತ ಮೊದಲ ಇವತ್ತು ಮಾವಗ ನೀವ ಉಣಸ್ರಿ. ನಾ ನೋಡತೇನಿ."

ಅಪ್ಪ ಹಂಗ ಯಾವತ್ತೂ ಉಣಿಸಿದಾಂವಲ್ಲ. ಗಂಡಸರ ಕೆಲಸ ಅಲ್ಲ ಅದು ಅಂತಿತ್ತು. ಗಂಗಾಳ ತಗೊಂಡು ಮುತ್ಯಾನ ಮುಂದ ಕುಂತ. ರೊಟ್ಟಿ ಹಾಲಾಗ ನೆನಿಸಿ ತುತ್ತು ಮಾಡಿ ಬಾಯಿಗಿ ಹಿಡದ. ಮುತ್ಯಾನ ತಲಿ ನಡಗತಿತ್ತು, ತುತ್ತು ಗಲ್ಲಕ್ಕ ಹತ್ತತಿತ್ತು. ಅಪ್ಪ ಒರಸತಿದ್ದ, ಮತ್ತ ಹಿಡೀತಿದ್ದ. ಮುತ್ಯಾ ಮಗನ ಮಾರಿ ಭಾಳ ಹೊತ್ತು ನೋಡಿದ. ನಾವು ನಿಂತು ನೋಡಾಕತ್ತಿದ್ದಿವಿ, ಹೆಸರು ಹಿಡದು ಕರದಾನು ಅಂತ. ಮುತ್ಯಾ ಅಂದ:

"ಹಗ್ಗ ಹಿಡದಾವರು ಯಾರು?"

ಅಪ್ಪ ಹಿಡದ ತುತ್ತು ತಿರಗಿ ಗಂಗಾಳದಾಗ ಇಟ್ಟ. ಗಂಗಾಳ ಹಿಡಕೊಂಡು ಕುಂತಬಿಟ್ಟ. ಅಡಗಿ ಮನಿ ಬಾಗಲದಾಗ ನಿಂತ ಅವ್ವ ಅಂದಳು:

"ನಾ ಹಿಡದೇನಿ ಮಾವಾ. ಬಿಡೂದಿಲ್ಲ."

ಅಪ್ಪ ಮತ್ತ ತಳಕ್ಕ ಹೋಗಲಿಲ್ಲ. ಕರಿಯಾಕ ಬಂದಾವರಿಗಿ ಇಮಾಮಸಾಬ ಕಾಕಾ ಪಾತಾಳಗರಡಿ ತಗೊಂಡು ಹೋಗತಿದ್ದ. ಸಿಗಲಿಲ್ಲ ಅಂದ್ರ ಇಂಜಿನ್ ಹಚ್ಚರಿ ಅಂತಿದ್ದ. ಕೆಲವರು ಬಾವಿ ಸಿದ್ರಾಮ ಹೆಂಡತಿಗಿ ಅಂಜಿದ ಅಂದ್ರು. ಅಂಜಿದ್ದ ಖರೇ. ಅಂಜಬೇಕಾದಲ್ಲೆ ಅಂಜಿದ. ಒಂದು ಬ್ಯಾಸಗಿ ಅಪ್ಪ ಕಟ್ಟಿ ಮ್ಯಾಲ ಮಾರಿ ಜೋತು ಹಾಕಿ ಕುಂತ. ಆಮ್ಯಾಲ ಓಣಿ ಹುಡುಗರು ಈಸು ಕಲಸು ಅಂತ ಗಂಟು ಬಿದ್ರು. ಬೆನ್ನಿಗಿ ಬೆಂಡು ಕಟ್ಟಿ, ಮೆಟ್ಟಲಿನ ಬಾವ್ಯಾಗ ಮ್ಯಾಲಿನ ನೀರಾಗ ಕಲಸಾಕ ಶುರು ಮಾಡಿದ. ಹುಡುಗಿಯರಿಗೂ ಕಲಸಿದ, ಅದಕ್ಕ ಬೈಸಿಕೊಂಡ. ಮೊದಲ ಕಲತಾಕಿ ನಾನು. ದಮ್ಮು ಹಿಡಿಯೂ ಪಂಥ ಕಟ್ಟಿದ ಹುಡುಗರನ್ನ ಜುಟ್ಟು ಹಿಡದು ಎಳದು ದಂಡಿಗಿ ಕೂಡಸತಿದ್ದ, ಅವರ ಚಡ್ಡಿ ಒಣಗೂತನಕ. ಹೊರ್ತ್ಯಾಗ ಇವತ್ತಿಗೂ ಹುಡುಗರು ನೀರಾಗಿಂದ ಎದ್ದು ಬಂದು ಬಿಸಲಿಗಿ ಕೂಡತಾರ. ಯಾಕಂತ ಕೇಳಿದ್ರ ಗೊತ್ತಿಲ್ಲ. ನನಗ ಗೊತ್ತೈತಿ.

ನನ್ನ ಮೊಮ್ಮಗಳು ಈಗ ಬಿಜಾಪುರದಾಗ ಈಸೂ ಕೊಳಕ್ಕ ಹೋಗತಾಳ. ಹ್ವಾದ ವಾರ ಮೊಬೈಲದಾಗ ತೋರಿಸಿದಳು, ಯಾವದೋ ದೇಶದಾಗ ಒಬ್ಬಾಕಿ ದಮ್ಮು ಹಿಡದು ಸಮುದ್ರದ ತಳಕ್ಕ ಹೋಗಿ ಬರತಾಳ. "ಆಯಿ, ನಾವೂ ಗೆಳತ್ಯಾರು ನೀರಿನೊಳಗ ಪಂಥ ಕಟ್ಟತೇವಿ, ನಾನ ಗೆಲ್ಲತೇನಿ" ಅಂದಳು. ನಮ್ಮ ರಕ್ತ, ಗೆಲ್ಲದ ಏನ ಮಾಡತೈತಿ. ಎದಿಯೊಳಗ ಖುಷಿ ಆತು, ಸುಳ್ಳು ಯಾಕ ಹೇಳಲಿ. ಖುಷಿ ನುಂಗಿಕೊಂಡು ಅಡಗಿ ಮನ್ಯಾಗಿಂದ ಮೊರ ತಂದೆ, ಜ್ವಾಳಾ ಹಾಕಿದೆ, ಕುಂತು ಮುತ್ಯಾನ ನಡಗೂ ಕೈಯಿಂದ ಶುರು ಮಾಡಿ ಎಲ್ಲಾ ಹೇಳಿದೆ. ಪಂಥ ಬಿಟ್ಟಾಳ. ಈಸೂದು ಬಿಟ್ಟಿಲ್ಲ, ಬಿಡಬಾರದು.

ಅಪ್ಪ ಮುತ್ಯಾನಕಿಂತ ಭಾಳ ವರ್ಷ ಬದಕಿದ. ತನ್ನ ಕೈಲೆ ಉಂಡ. ಸಂತ್ಯಾಗ ಎತ್ತಿನ ಹಲ್ಲು ನೋಡಿ ಜಗಳಾಡಿದ. ಅವ್ವ ಅವನಕಿಂತ ಮೊದಲ ಹೋದಳು. ಹೋಗೂತನಕ ವಾರಕ್ಕೊಮ್ಮಿ ಮೊರ ಹಿಡದಳು, ಬಾವಿ ಬಿಟ್ಟು ಎಷ್ಟೋ ವರ್ಷ ಆದಮ್ಯಾಲೂ. ಕಡೀಕ ಅಪ್ಪನ ಎದ್ಯಾಗ ಕಫಾ ಕಟ್ಟಿ ಹಾಸಿಗಿ ಹಿಡದ. ನನಗ ಹೇಳಿ ಕಳಿಸಿದ್ರು. ಮುಂಜಾನಿ ಬಸ್ಸಿಗಿ ಹೋದೆ. ಮಲ್ಲಪ್ಪ, ಶಾಂತವ್ವ, ಬಸು ಎಲ್ಲಾರೂ ಸುತ್ತ ಕುಂತಿದ್ರು. ಮಾತು ಸಣ್ಣಗಾಗೈತಿ, ಯಾರ ಗುರ್ತ ಹತ್ತತೈತೋ ಇಲ್ಲೋ ಅಂತ ಬಸು ಅಂದ. ಅಡಗಿ ಮನಿಗಿ ಹೋದೆ, ಅವ್ವನ ಮೊರ ಗೋಡಿಗಿ ಇತ್ತು, ಹಿಡಿ ಜ್ವಾಳಾ ಹಾಕಿದೆ, ತಂದು ಅವನ ಮಗ್ಗಲಕ ಕುಂತೆ. ಅಪ್ಪ ಕಣ್ಣು ತಗದು ಮೊರ ನೋಡಿದ. ಬಲಗೈ ಎರಡು ಬೆರಳು ಮ್ಯಾಲ ಎತ್ತಿ ಒಂದು ಕಾಳು ಹಿಡದು ನನ್ನ ಅಂಗೈಯಾಗ ಹಾಕಿದ. ಸುತ್ತ ಕುಂತಾವರನ್ನ ಒಬ್ಬೊಬ್ಬರನ್ನ ನೋಡಿದ.

"ಮಲ್ಲಪ್ಪ," ಅಂದ. ಉಸುರು ಎಳಕೊಂಡ. "ಬೆಳ್ಳಿ. ಶಾಂತವ್ವ. ಬಸು."

ಬಸು ಮಾರಿ ಆಕಡೆ ತಿರವಿ, "ನೋಡಕ್ಕಾ, ತಲಿ ಹೋತು" ಅಂದ.

"ಸುಮ್ಮನ ಕೂಡು," ಅಂದೆ. "ಮೀಸಿ ನೋಡು."

ಬೆಳ್ಳಗಾದ ಮೀಸಿ, ಎಡಗಡೆ ತುದಿ, ಕುಣ್ಯಾಕತ್ತಿತ್ತು.